ಸುಮ್ಮನೆ ಬಂದವಳು

ಕೈಗೆ ಏನೋ ಅಂಟಿತು, ಮೆಟ್ಟಿಲ ಕಂಬಿಗೆ ಹೊಸದಾಗಿ ಬಣ್ಣ ಬಳಿದಿದ್ದಾರೆ, ಇನ್ನೂ ಹಸಿ, ಬೂದು ಬಣ್ಣ, ಸದ್ಯ ಯಾವ ಪಕ್ಷದ್ದೂ ಅಲ್ಲ, ಗೆದ್ದವರ ಬಣ್ಣವಾಗಿದ್ದರೆ ಇವತ್ತೆಲ್ಲ ಅದನ್ನೇ ಅಂಗೈಯಲ್ಲಿ ಹೊತ್ತು ತಿರುಗಬೇಕಿತ್ತು, ಗೋಡೆಗೆ ಒರೆಸಲು ಹೋದವಳು ಕೈ ಹಿಂದಕ್ಕೆ ತೆಗೆದುಕೊಂಡಳು, ಇನ್ನೊಬ್ಬರ ಗೋಡೆ, ಗೋಡೆಯ ವಿಷಯದಲ್ಲಿ ತಮ್ಮ ಪಕ್ಷದ ಹೆಸರು ಮೊದಲೇ ಕೆಟ್ಟಿದೆ, ಚುನಾವಣೆಗೆ ಅಂಟಿಸಿದ ಭಿತ್ತಿಪತ್ರಗಳನ್ನು ಸೋತ ಮೇಲೆ ಕೀಳಲು ಯಾರೂ ಬರಲಿಲ್ಲ, ಕೆಳಗೆ ವಠಾರದ ಬಾಗಿಲಲ್ಲೇ ಅಧ್ಯಕ್ಷರ ಮುಖ ಅರ್ಧ ಹರಿದು ನಿಂತಿದೆ, ಉಳಿದಿರುವುದು ಬಾಯಿ ಇರುವ ಅರ್ಧ. ಕಿವಿಯಿರುವ ಅರ್ಧ ಯಾವ ಗಾಳಿಗೆ ಹೋಯಿತೋ. ನಗು ಬಂತು, ಬಂದ ನಗು ಮುಖದ ಮೇಲೆ ಹರಡುವಷ್ಟರಲ್ಲಿ ಇನ್ನೊಂದು ನಗುವಾಗಿ ಗಟ್ಟಿಯಾಯಿತು, ಹಲ್ಲು ಇಷ್ಟೇ ಕಾಣಬೇಕು, ಕಣ್ಣು ಇಷ್ಟೇ ಕಿರಿದಾಗಬೇಕು, ಚುನಾವಣೆಯ ನಗು, ಅದು ಈಗ ಕರೆಯದಿದ್ದರೂ ಬರುತ್ತದೆ, ಬೆಳಿಗ್ಗೆ ಗಂಡ ಚಹಾ ತಂದಿಟ್ಟಾಗ ಅವನಿಗೂ ಅದನ್ನೇ ನಕ್ಕಿದ್ದಳು, ಅವನು ಕುರ್ಚಿ ಎಳೆದುಕೊಳ್ಳುತ್ತ, ನನ್ನ ಓಟು ಯಾವತ್ತಿದ್ದರೂ ನಿಂಗೇ ಕಣೇ, ಮೊದಲು ಸಕ್ಕರೆ ಡಬ್ಬ ಈ ಕಡೆ ತಳ್ಳು, ಅಂದ. ತಮಾಷೆಗೆ ಅಂದಿದ್ದು. ಆದರೆ ಓಟು ಅನ್ನುವ ಮಾತು ಈಚೆಗೆ ತಮಾಷೆಯಾಗಿ ಕೇಳಿಸುವುದಿಲ್ಲ, ಇಷ್ಟು ವರ್ಷ ಈ ಬಡಾವಣೆಯ ಕಾರ್ಯದರ್ಶಿ ಅನ್ನಿಸಿಕೊಂಡು, ಔಷಧದ ಅಂಗಡಿಯ ಷಟರ್ ಎಳೆದು ಸಭೆಗೆ ಓಡಿ, ಸಭೆಯಿಂದ ಬಂದು ಮತ್ತೆ ಷಟರ್ ಎತ್ತಿ, ಕೊನೆಗೆ ತನ್ನ ಸ್ವಂತ ಬಡಾವಣೆಯಲ್ಲೇ ಪಕ್ಷ ಮಣ್ಣು ಮುಕ್ಕಿತು, ಬೇರೆ ಕಡೆ ಸೋತಿದ್ದಕ್ಕಿಂತ ಇಲ್ಲಿ ಹೆಚ್ಚು ಸೋತಿತು.

ಮೊಣಕಾಲು ಕಟಕಟ ಅನ್ನುತ್ತದೆ, ಲಿಫ್ಟಿನ ಬಾಗಿಲಿಗೆ ಹಗ್ಗ ಕಟ್ಟಿದ್ದಾರೆ, ಇನ್ನೂ ಮೇಲೆ ಹತ್ತಬೇಕು, ಟೈಲರ್ ಅಕ್ಕನ ಮನೆ ತುತ್ತತುದಿಯಲ್ಲಿ. ಬೇಕೆಂದೇ ಕೆಳಗಿನಿಂದ ಶುರು ಮಾಡಿದ್ದಳು, ನೇರ ಅಲ್ಲಿಗೇ ಹೋಗಲು ಧೈರ್ಯ ಸಾಲದೆ, ಒಂದೊಂದೇ ಬಾಗಿಲು ತಟ್ಟುತ್ತ ಬಂದಳು, ಎಲ್ಲ ಬಾಗಿಲುಗಳೂ ಸರಪಳಿಯಷ್ಟೇ ತೆರೆದುಕೊಂಡವು, ಹಿತ್ತಾಳೆಯ ಸಣ್ಣ ಸರಪಳಿ, ಅದು ಬಿಗಿಯಾಗುವವರೆಗೆ ಬಾಗಿಲು ಬರುತ್ತದೆ, ಟಕ್ ಅಂದು ನಿಲ್ಲುತ್ತದೆ, ಸಂದಿಯಲ್ಲಿ ಒಂದು ಕಣ್ಣು, ಮೂಗಿನ ಒಂದು ಹೊಳ್ಳೆ, ಅರ್ಧ ಬಾಯಿ. ಮತ್ತೆ ಬಂತಾ ಎಲೆಕ್ಷನ್ನು, ಅಂದಳು ಒಬ್ಬಳು ಸೌಟು ಹಿಡಿದುಕೊಂಡು. ಇಲ್ಲಮ್ಮ, ಸುಮ್ನೆ ಬಂದೆ. ಸುಮ್ನೆ ಅಂದ್ರೆ? ಸುಮ್ನೆ ಅಂದ್ರೆ ಸುಮ್ನೆ. ಆ ಹೆಂಗಸಿಗೆ ಅದು ಅರ್ಥವೇ ಆಗಲಿಲ್ಲ, ಸಾಲ ಕೇಳಲು ಬಂದವಳನ್ನು ನೋಡುವ ಹಾಗೆ ನೋಡಿದಳು, ಒಲೆ ಮೇಲೆ ಏನೋ ಇದೆ ಅಂತ ಒಳಗೆ ಹೋದಳು. ಪಕ್ಕದ ಮನೆಯ ನಿವೃತ್ತ ಗುಮಾಸ್ತರು ಮಾತ್ರ ಖುಷಿಪಟ್ಟರು, ಮಂಡಿನೋವಿಗೆ ಯಾವ ಮಾತ್ರೆ ಒಳ್ಳೇದು, ಊಟಕ್ಕೆ ಮೊದಲೋ ಆಮೇಲೋ, ಎಲ್ಲ ಕೇಳಿಕೊಂಡು, ನಾವು ಮನೆ ಮಂದಿಯೆಲ್ಲ ನಿಮಗೇ ಹಾಕಿದ್ದು, ಅಂದರು. ಎಲ್ಲರೂ ನಿಮಗೇ ಹಾಕಿದ್ದು ಅನ್ನುತ್ತಾರೆ. ಹೀಗೆ ಅಂದವರೆಲ್ಲ ಹಾಕಿದ್ದರೆ ಇವತ್ತು ಅಧ್ಯಕ್ಷರು ಮಂತ್ರಿ, ಅವಳಿಗೆ ಈ ಮೆಟ್ಟಿಲು ತಪ್ಪುತ್ತಿತ್ತು. ಸುಳ್ಳಲ್ಲ ಅದು, ಒಂಥರಾ ಮರ್ಯಾದೆ, ಸತ್ತವರ ಮನೆಯಲ್ಲಿ ಅವರ ಬಗ್ಗೆ ಒಳ್ಳೆಯದನ್ನೇ ಆಡುವ ಹಾಗೆ. ಅಂಗಡಿಯಲ್ಲೂ ಹಾಗೇ ಅಲ್ಲವೇ, ಮಾತ್ರೆ ಹಿಡಿಸದಿದ್ದರೆ ಯಾರೂ ಬಂದು ಹೇಳುವುದಿಲ್ಲ, ಚೆನ್ನಾಗಿದೀನಿ ಮೇಡಂ ಅಂತ ದಾರಿಯಲ್ಲಿ ನಗುತ್ತಾರೆ, ಎದುರಿನ ಅಂಗಡಿಗೆ ಹೋಗುತ್ತಾರೆ, ನಿನಗೆ ಗೊತ್ತಾಗುವ ಹೊತ್ತಿಗೆ ಡಬ್ಬದ ಮಾತ್ರೆಗಳ ಅವಧಿ ಮುಗಿದಿರುತ್ತದೆ. ನೊಂದವರ ಗಲಾಟೆ ಕೇಳಿಸುತ್ತದೆ, ಬಿಟ್ಟು ಹೋದವರ ಸದ್ದು ಕೇಳಿಸುವುದಿಲ್ಲ. ಓದುವಾಗ ಕಾಲೇಜಿನ ಪ್ರಯೋಗಾಲಯದಲ್ಲಿ ಹಾಗಲ್ಲ, ದ್ರಾವಣದ ಬಣ್ಣ ತಿರುಗಿದ್ದು ಕಣ್ಣಿಗೇ ಕಾಣುತ್ತಿತ್ತು, ಒಂದೇ ಒಂದು ಹನಿ ಹೆಚ್ಚಾದರೂ ಗುಲಾಬಿ, ಜನ ಯಾವ ಹನಿಗೆ ತಿರುಗಿದರು ಅಂತ ಯಾರಿಗೆ ಗೊತ್ತು.

ಅಧ್ಯಕ್ಷರಿಗೆ ಗೊತ್ತಂತೆ. ಸೋಲಿನ ಸಭೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಕೂತವರಿಗೆಲ್ಲ ಗೊತ್ತಿತ್ತು, ಹಾಡಿನ ಧಾಟಿ ಹಳತಾಯಿತು ಅಂದ ಒಬ್ಬ, ಬಾವುಟದ ಬಣ್ಣ ಫೋನಿನಲ್ಲಿ ಎದ್ದು ಕಾಣುವುದಿಲ್ಲ ಅಂದ ಇನ್ನೊಬ್ಬ, ದುಡ್ಡು ಕೊಟ್ಟು ಕರೆಸಿದ್ದ ಸಲಹೆಗಾರ ಘೋಷಣೆ ಮೂರೇ ಪದದಲ್ಲಿರಬೇಕು ಅಂದ, ಶೀಶೆ ಅದೇ, ಔಷಧ ಅದೇ, ಚೀಟಿ ಮಾತ್ರ ಹೊಸದು. ಜನ ನಮ್ಮ ಕೈ ಬಿಟ್ಟರು, ಅಂದರು ಅಧ್ಯಕ್ಷರು, ಪಾಪ, ನಾಟಕವಲ್ಲ. ಅವಳು ಎದ್ದು ನಿಂತು ಹೇಳಿದ್ದಳು, ಏನೂ ಹಂಚಬೇಡಿ, ಏನೂ ಕೇಳಬೇಡಿ, ಗೆದ್ದಾಗ ಹೋಗದೆ ಇದ್ದ ಮನೆಗಳಿಗೆ ಸೋತಾಗಲಾದರೂ ಸುಮ್ಮನೆ ಒಮ್ಮೆ ಹೋಗಿ ಬರೋಣ. ಆಮೇಲೆ ಅಧ್ಯಕ್ಷರ ಕಣ್ಣು ಅರಳಿತು, ಗೋಡೆಯ ಹಲಗೆಯ ಮೇಲೆ ದಪ್ಪಕ್ಷರದಲ್ಲಿ ‘ಸುಮ್ಮನೆ ಅಭಿಯಾನ’ ಅಂತ ಬರೆದರು, ಇದಕ್ಕೊಂದು ಪೋಸ್ಟರ್ ಮಾಡಿಸ್ರಪ್ಪ ಅಂದರು. ಅವಳು ಕೂತಳು. ಕೂತಿದ್ದೇ ಕೂತಿದ್ದು, ಎಲ್ಲರೂ ಎದ್ದು ಹೋದ ಮೇಲೂ ಏಳಲಾಗಲಿಲ್ಲ, ಜ್ವರ ಬಿಟ್ಟ ಮೇಲೆ ಬರುವಂಥ ಸುಸ್ತು. ಅಧ್ಯಕ್ಷರು ಹತ್ತಿರ ಬಂದು ದನಿ ತಗ್ಗಿಸಿ, ಟೈಲರ್ ಅಕ್ಕನನ್ನ ವಾಪಸ್ ಕರ್ಕೊಂಡು ಬನ್ನಿ ಮೇಡಂ, ಆಯಮ್ಮ ಇಲ್ಲದೆ ಆ ವಠಾರಗಳಲ್ಲಿ ನಮಗೆ ಯಾರೂ ಬಾಗಿಲು ತೆಗೆಯಲ್ಲ, ಮುಂದಿನ ಸಲ ಬೇಕಾದರೆ ಅವರನ್ನೇ ನಿಲ್ಲಿಸೋಣ, ಅಂದರು. ಹೋಗ್ತೀನಿ, ಆದರೆ ಅಕ್ಕ ನನಗೆ ಬಾಗಿಲು ತೆಗೆಯದಿದ್ದರೆ ನಾನೂ ಮುಗಿಸಿದೆ, ಬೇರೆ ಯಾರನ್ನಾದರೂ ನೋಡ್ಕೊಳ್ಳಿ, ಅಂದಿದ್ದಳು. ದಣಿದವಳ ಮಾತು ಅಂದುಕೊಂಡಿರಬೇಕು ಅವರು, ನಕ್ಕುಬಿಟ್ಟರು. ಈಗ ಚೀಲದಲ್ಲಿ ಫೋನು ಗುರುಗುಟ್ಟುತ್ತಿದೆ, ಅವರೇ, ಬೆಳಿಗ್ಗೆ ಏನೂ ಕೇಳಬೇಡಿ ಸುಮ್ಮನೆ ಹೋಗಿ ಬನ್ನಿ ಅಂದವರು, ಆಗಿನಿಂದ ಎರಡು ಸಲ, ಕೇಳಿದ್ರಾ, ಬರ್ತಾರಂತಾ?

ಬರುತ್ತಾಳೆಯೇ, ಹೇಗೆ ಬರುತ್ತಾಳೆ. ಬಸ್ ನಿಲ್ದಾಣದಿಂದ ಶುರುವಾಗಿದ್ದು ಅದು, ಪಕ್ಷ ಅಧಿಕಾರದಲ್ಲಿದ್ದಾಗಲೇ ನಿಲ್ದಾಣವನ್ನು ದೊಡ್ಡ ರಸ್ತೆಯ ಆಚೆಗೆ ಹಾಕಿದರು, ಮಕ್ಕಳು ಮುದುಕರು ಲಾರಿಗಳ ನಡುವೆ ದಾಟಬೇಕು, ಅಕ್ಕ ಬಟ್ಟೆಯ ಗಂಟು ಹೊತ್ತು ದಾಟುತ್ತಿದ್ದಳು, ಸಭೆಯಿಂದ ಸಭೆಗೆ ಅದನ್ನೇ ಹೇಳುತ್ತಿದ್ದಳು, ಸ್ಟಾಪು ಈಚೆಗೆ ಹಾಕ್ಸಿ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ, ಒಂದು ದಿನ ಅಧ್ಯಕ್ಷರು, ಜನಕ್ಕೆ ನಿಜವಾಗಿ ಏನು ಬೇಕು ಅಂತ ವೈಜ್ಞಾನಿಕವಾಗಿ ತಿಳಿದುಕೊಳ್ಳೋಣ, ಸಮೀಕ್ಷೆ ಮಾಡಿಸೋಣ ಅಂದರು. ವೈಜ್ಞಾನಿಕ ಅನ್ನುವ ಮಾತಿಗೆ ಅವಳೂ ತಲೆ ಆಡಿಸಿದಳು, ಅಳತೆ ಅಂದರೆ ಅವಳಿಗೆ ಯಾವಾಗಲೂ ಒಂದು ಕೈ ಹೆಚ್ಚಿನ ನಂಬಿಕೆ. ಯಾವುದೋ ಸಂಸ್ಥೆಯವನು ಬಂದ, ಮನೆ ಮನೆಗೆ ಹೋದ. ಅಕ್ಕನ ಮನೆಗೂ ಹೋದ. ಮೊದಲನೆಯ ಪ್ರಶ್ನೆ, ಈ ಪಕ್ಷದ ಹೆಸರು ಕೇಳಿದ್ದೀರಾ. ಯಾರನ್ನು, ಅಕ್ಕನನ್ನು, ಹರೆಯದಿಂದ ಪಕ್ಷದ ಬಾವುಟ ಹೊಲಿದವಳನ್ನು, ಕೂಲಿಗೆ ಅಲ್ಲ, ಅಂಚು ಮಡಿಚಿ ಎರಡೆರಡು ಸಲ ಹೊಲಿಗೆ ಹಾಕಿ, ಗಾಳಿಗೆ ಹರೀಬಾರ್ದು ನೋಡು ಮಾತ್ರೆ, ಅವಳಿಗೆ ಅಕ್ಕ ಇಟ್ಟ ಅಡ್ಡಹೆಸರು ಅದು, ಅಂತ ಹಲ್ಲಲ್ಲಿ ದಾರ ಕಡಿಯುತ್ತಿದ್ದವಳನ್ನು. ಇಲ್ಲ, ಕೇಳಿಲ್ಲ, ಅಂದಳಂತೆ ಅಕ್ಕ. ಅವನು ಗುರುತು ಹಾಕಿಕೊಂಡು, ಥ್ಯಾಂಕ್ಸ್ ಅಂತ ಪಕ್ಕದ ಮನೆಗೆ ಹೋದ. ಆಮೇಲೆ ಕಚೇರಿಯಲ್ಲಿ ಫಲಿತಾಂಶ ಓದಿದರು, ಎಲ್ಲರೂ ಹೆಸರು ಕೇಳಿದ್ದಾರೆ, ಒಬ್ಬರು ಮಾತ್ರ ಕೇಳಿಲ್ಲವಂತೆ, ಯಾರಪ್ಪ ಆ ಪುಣ್ಯಾತ್ಮರು, ಬಾವಿಯಲ್ಲಿ ವಾಸ ಮಾಡ್ತಾರಾ, ಕಚೇರಿಯೆಲ್ಲ ನಗು, ಅವಳೂ ನಕ್ಕಳು, ಹೊಟ್ಟೆ ಹಿಡಿದುಕೊಂಡು, ಪಕ್ಕದ ಖಾಲಿ ಕುರ್ಚಿ ಅಕ್ಕನದು, ಏನೋ ಕೆಲಸವಿರಬೇಕು ಇವತ್ತು ಬಂದಿಲ್ಲ ಅಂದುಕೊಂಡಳು. ಅಕ್ಕ ಮತ್ತೆ ಬರಲೇ ಇಲ್ಲ. ಕಾರಣ ಗೊತ್ತಾಗಿದ್ದು ಎಷ್ಟೋ ದಿನದ ಮೇಲೆ, ಅಂಗಡಿಗೆ ಬಂದ ನೆರೆಯವಳೊಬ್ಬಳಿಂದ, ಆ ಹೊತ್ತಿಗೆ ಚುನಾವಣೆ ತಲೆಯ ಮೇಲೆ ಬಂದು ಕೂತಿತ್ತು, ಗೆದ್ದ ಮೇಲೆ ಹೋಗೋಣ ಅಂದುಕೊಂಡಳು, ಮತಗಟ್ಟೆಯ ಸಾಲಿನಲ್ಲಿ ಅಕ್ಕ ಅವಳನ್ನು ನೋಡಿದಳು, ನೋಡಿದಳೋ, ಅವಳ ಹಿಂದಿದ್ದ ಕಿಟಕಿಯನ್ನು ನೋಡಿದಳೋ. ಹೊಸ ಹಾಡಂತೆ, ಮೂರು ಪದದ ಘೋಷಣೆಯಂತೆ. ಇಡೀ ಸೋಲು ಆ ಒಂದು ಪ್ರಶ್ನೆಯಲ್ಲೇ ಇತ್ತು, ನಾವು ಯಾರು ಅಂತ ನಿಮಗೆ ಗೊತ್ತಾ ಅಂತ ಮನೆ ಮನೆಗೆ ಕೇಳುತ್ತ ಹೋದೆವು, ನೀವು ಯಾರು ಅಂತ ನಮಗೇ ಗೊತ್ತಿರಲಿಲ್ಲ, ಈಗ ಸಭೆಯಲ್ಲಿ ಇದನ್ನು ಹೇಳಿದರೆ ಅಧ್ಯಕ್ಷರು ಇದನ್ನೂ ಹಲಗೆಯ ಮೇಲೆ ಬರೆದಾರು.

ತುದಿಯ ಮಹಡಿ. ಮೊಗಸಾಲೆಯಲ್ಲಿ ಸಾಬೂನಿನ ವಾಸನೆ, ಒಗೆದ ಬಟ್ಟೆಯ ನೀರು ತೊಟ್ಟಿಕ್ಕಿ ನೆಲ ಒದ್ದೆ, ಅಕ್ಕನ ಬಾಗಿಲ ಹಿಂದೆ ಹೊಲಿಗೆಯ ಮಷೀನು ಓಡುತ್ತಿದೆ, ಓಡಿ ನಿಲ್ಲುತ್ತದೆ, ಮತ್ತೆ ಓಡುತ್ತದೆ, ಈ ಸದ್ದಿನ ಪಕ್ಕ ಕೂತು ಎಷ್ಟು ಸಂಜೆ ಹರಟಿಲ್ಲ, ಗಂಡನ ಮೇಲೆ ದೂರು, ಅತ್ತೆಯ ಮೇಲೆ ದೂರು, ಪಕ್ಷದ ಮೇಲೆ ದೂರು, ಅಕ್ಕ ಕೊನೆಗೆ, ನಿನ್ನ ಅಂಗಡೀಲಿ ಬಾಯಿ ಮುಚ್ಚೋ ಮಾತ್ರೆ ಇಲ್ವೇನೆ, ಅನ್ನುತ್ತಿದ್ದಳು. ಇಷ್ಟು ಹತ್ತಿ ಬಂದಿದ್ದು ಯಾರಿಗಾಗಿ, ಪಕ್ಷಕ್ಕೋ ತನಗೋ. ಪಕ್ಷಕ್ಕಾದರೆ ಸುಮ್ಮನೆ ಬಂದೆ ಅನ್ನುವುದು ಸುಳ್ಳು. ತನಗಾದರೆ ಸೋಲುವವರೆಗೂ ಯಾಕೆ ಬರಲಿಲ್ಲ. ಅಷ್ಟರಲ್ಲಿ ಕೈ ಬಾಗಿಲು ತಟ್ಟಿಬಿಟ್ಟಿತು. ಮಷೀನು ನಿಂತಿತು. ಹೆಜ್ಜೆ. ಬಾಗಿಲು ಬಂತು, ಸರಪಳಿ ಬಿಗಿಯಿತು, ಟಕ್, ಸಂದಿಯಲ್ಲಿ ಅಕ್ಕನ ಒಂದು ಕಣ್ಣು, ಕೂದಲು ಎಷ್ಟು ಬೆಳ್ಳಗಾಗಿದೆ, ಕತ್ತಿನ ಸುತ್ತ ಅಳತೆಯ ಪಟ್ಟಿ, ತುಟಿಗಳ ನಡುವೆ ಗುಂಡುಸೂಜಿಗಳು, ಆ ನಗು ಮುಖಕ್ಕೆ ಬರಲು ಹೊರಟಿತು, ಅವಳು ಅದನ್ನು ಕೆನ್ನೆಯಲ್ಲೇ ತಡೆಹಿಡಿದಳು, ಕೆನ್ನೆ ನಡುಗಿತು. ಅಕ್ಕ ಸೂಜಿಗಳನ್ನು ಒಂದೊಂದಾಗಿ ತೆಗೆದು ಅಂಗಿಯ ತೋಳಿಗೆ ಚುಚ್ಚಿಕೊಂಡಳು, ಅವಸರವಿಲ್ಲ.

ಹೇಳಿ, ಏನಾಗ್ಬೇಕಿತ್ತು?

ಹೇಳಿ ಅಂದಳು. ಹೇಳೇ ಅನ್ನಲಿಲ್ಲ. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ, ಗುಮಾಸ್ತರಿಗೆ, ಅಳತೆ ಕೊಡಲು ಬಂದ ಗಿರಾಕಿಗೆ, ಸಮೀಕ್ಷೆಯವನಿಗೆ ಕೊಡುವಂಥ ಬಹುವಚನ, ಅಷ್ಟು ದೂರ ನಿಲ್ಲಿಸಿಬಿಟ್ಟಳು. ಹತ್ತುವಾಗ ಜೋಡಿಸಿಕೊಂಡು ಬಂದ ಮಾತೆಲ್ಲ, ಆ ದಿನ ನಾನೂ ನಕ್ಕೆ ಅಕ್ಕ, ನೀನು ಅಂತ ಗೊತ್ತಿರಲಿಲ್ಲ, ಗೊತ್ತಾದ ಮೇಲೂ ಬರಲಿಲ್ಲ, ಎಲ್ಲವೂ ನಾಲಿಗೆಯ ತುದಿಗೆ ಬಂದು ಒಂದರ ಮೇಲೊಂದು ಬಿದ್ದವು, ಹೊರಗೆ ಬಂದಿದ್ದು ಬೆಳಗಿನಿಂದ ಬಾಗಿಲು ಬಾಗಿಲಿಗೆ ಹೇಳಿ ಸವೆದುಹೋದ ಆ ಎರಡೇ ಪದ, ಸುಮ್ನೆ ಬಂದೆ. ಅಕ್ಕನ ಕಣ್ಣು ಅವಳ ಕೈಗಳ ಮೇಲೆ ಹೋಯಿತು, ಕರಪತ್ರ ಹುಡುಕಿತು, ಬಾವುಟ ಹುಡುಕಿತು, ಹಿಂದೆ ಫೋಟೋ ತೆಗೆಯುವವನು ಯಾರಾದರೂ ಇದ್ದಾನೆಯೇ ಅಂತ ಮೊಗಸಾಲೆಯ ಉದ್ದಕ್ಕೂ ಹುಡುಕಿತು, ಯಾರೂ ಇಲ್ಲ, ಒದ್ದೆ ನೆಲ.

ಸುಮ್ನೆ ಬಂದಿದ್ರೆ, ಸುಮ್ನಿರು.

ಇರು ಅಂದಳು. ಅದು ಏಟೋ ಏನೋ, ಆದರೆ ಏಕವಚನ. ಅವಳು ಸುಮ್ಮನಿದ್ದಳು. ಸುಮ್ಮನಿರುವುದು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ, ಇಷ್ಟು ವರ್ಷ ಬಾಗಿಲು ತೆರೆದ ಕೂಡಲೇ ಮಾತು, ಅವರು ಮುಚ್ಚುವವರೆಗೂ ಮಾತು, ಯಾವ ಬಾಗಿಲಲ್ಲೂ ಹೀಗೆ ಬರಿದೇ ನಿಂತಿದ್ದಿಲ್ಲ, ಚೀಲದೊಳಗೆ ಫೋನು ಗುರುಗುಟ್ಟಿತು, ಅಕ್ಕನ ಕಣ್ಣು ಚೀಲಕ್ಕೆ ಇಳಿಯಿತು, ಅವಳು ಅದನ್ನು ಮುಟ್ಟಲಿಲ್ಲ, ಅದು ಗುರುಗುಟ್ಟಿ ಗುರುಗುಟ್ಟಿ ತಾನೇ ಸತ್ತಿತು. ಎಲ್ಲೋ ಕೆಳಗೆ ಕುಕ್ಕರ್ ಕೂಗಿತು. ಅಕ್ಕ ಅವಳನ್ನೇ ನೋಡುತ್ತಿದ್ದಳು, ಬಟ್ಟೆ ಕತ್ತರಿಸುವ ಮುಂಚೆ ಮೇಜಿನ ಮೇಲೆ ಹಾಸಿಟ್ಟು ನೋಡುವ ಹಾಗೆ, ಒಮ್ಮೆ ಕತ್ತರಿ ಇಟ್ಟರೆ ಮತ್ತೆ ಕೂಡುವುದಿಲ್ಲ ಅನ್ನುವ ಹಾಗೆ. ಆಮೇಲೆ ಕಣ್ಣು ಸಂದಿಯಿಂದ ಸರಿಯಿತು, ಬಾಗಿಲು ಮುಚ್ಚಿಕೊಂಡಿತು.

ಮುಚ್ಚಿಕೊಂಡಿತು, ಮೆಲ್ಲಗೆ, ಬಡಿಯಲಿಲ್ಲ, ಮುಗಿಯಿತಾ ಹಾಗಾದರೆ, ಇಳಿಯಬೇಕು, ಅಧ್ಯಕ್ಷರಿಗೆ ಹೇಳಬೇಕು ಬೇರೆ ಯಾರನ್ನಾದರೂ ನೋಡಿಕೊಳ್ಳಿ ಅಂತ, ತಾಳು, ಈ ಸರಪಳಿ ಇದೆಯಲ್ಲ, ಇದು ಬಾಗಿಲು ತೆರೆದಿದ್ದರೆ ಬಿಗಿದುಕೊಂಡಿರುತ್ತದೆ, ಹಿತ್ತಾಳೆಯ ಪಟ್ಟಿಯ ಸೀಳಿನಿಂದ ಕೊಂಡಿ ಹೊರಗೆ ಬರುವುದಿಲ್ಲ, ಎಷ್ಟು ಎಳೆದರೂ ಬರುವುದಿಲ್ಲ, ಅದನ್ನು ತೆಗೆಯಬೇಕಾದರೂ ಬಾಗಿಲು ಮುಚ್ಚಲೇಬೇಕು, ಪೂರ್ತಿ ಮುಚ್ಚಿ ಸಡಿಲ ಮಾಡಿಕೊಂಡು ಕೊಂಡಿ ಜಾರಿಸಬೇಕು, ಮನೆಯಲ್ಲಿ ದಿನಾ ಮಾಡುವುದೇ ಅದನ್ನು, ಹಾಗಾದರೆ ಹೊರಗೆ ನಿಂತವರಿಗೆ ಎರಡೂ ಒಂದೇ ಥರ ಕಾಣುತ್ತದೆ, ಬೇಡ ಅಂತ ಮುಚ್ಚಿದ್ದೂ, ಬಾ ಅಂತ ಮುಚ್ಚಿದ್ದೂ, ಹೇಗೆ ತಿಳಿಯುವುದು, ಕಿವಿಗೊಟ್ಟಳು, ಮಷೀನು ಶುರುವಾಗಿಲ್ಲ, ಹೆಜ್ಜೆ ಒಳಗೆ ಹೋದ ಸದ್ದಿಲ್ಲ, ಹೋಗಿಲ್ಲ ಅಂದಮೇಲೆ ಅಲ್ಲೇ ಇದ್ದಾಳೆ, ಈ ಮರದ ಹಲಗೆಯ ಆಚೆ, ಒಂದು ಗೇಣು ದೂರದಲ್ಲಿ, ಸಡಿಲಗೊಂಡು ಜೋತುಬಿದ್ದ ಸರಪಳಿ, ಅದರ ಕೊಂಡಿಯ ಮೇಲೆ ಅಕ್ಕನ ಬೆರಳು, ಸೂಜಿ ಚುಚ್ಚಿ ಚುಚ್ಚಿ ಗಡುಸಾದ ಬೆರಳು, ಇನ್ನೂ ಜಾರಿಸಿಲ್ಲ, ಜೋತುಬಿದ್ದ ಸರಪಳಿ, ಕೊಂಡಿಯ ಮೇಲೆ ಬೆರಳು, ಸರಪಳಿ, ಬೆರಳು —