ಕೂಸಿನ ಪಟ್ಟಿ ನೇಯುವ ಮುನ್ನ

ಗೋಡೆಯ ಬಿರುಕಿನಲ್ಲಿ ವಿಂಚುಕ ಹುಳ ನೋಡದೆ ನಮ್ಮ ಕಣಿವೆಯಲ್ಲಿ ಬೆಳೆದವರು ಯಾರಿದ್ದಾರೆ? ಮಲಗಿದವರ ರಕ್ತ ಹೀರುವ ಹುಳ ಅದು. ನಮ್ಮೂರಿನ ಬಾಸಿಲಿಯಾ ತನ್ನ ಮನೆಯ ಮಣ್ಣಿನ ಗೋಡೆಗೆ ಮದ್ದು ಹೊಡೆಸಿ, ಹೊಸದಾಗಿ ಗಾರೆ ಮಾಡಿಸಿ, ಪೀಡೆ ತೊಲಗಿತು ಎಂದುಕೊಂಡಿದ್ದಳು.

ಅವಳಿಗೀಗ ಒಂದೇ ಆಸೆ, ಮೊಮ್ಮಗು. ಸೊಸೆ ಎಲ್ವೀರಾ ಇನ್ನೂ ಬಸುರಿಯಾಗಿರಲಿಲ್ಲ. ಆದರೂ ಕೂಸನ್ನು ಬಿಗಿಯಾಗಿ ಸುತ್ತುವ ಉಣ್ಣೆಯ ಪಟ್ಟಿ ಆಗಲೇ ಮಗ್ಗದ ಮೇಲಿತ್ತು. ತೀರಿಹೋದ ಗಂಡ ಫ್ರೊಯ್ಲಾನನಿಗೆ ಇಷ್ಟವಾಗಿದ್ದ ಕೆಂಪು ಬಣ್ಣ. ಈಗಲೂ ಜೋಳದ ಹುಳಿಮದ್ಯ ಚಿಚಾ ಕುಡಿಯುವಾಗ ಅವಳು ಮೊದಲ ಹನಿ ಭೂತಾಯಿಗೆ ಚೆಲ್ಲುತ್ತಾಳೆ, ಎರಡನೆಯದು ಅವನಿಗೆ.

ಒಂದು ಮಧ್ಯಾಹ್ನ ಅತ್ತೆ, ಸೊಸೆ ಮತ್ತು ಪಕ್ಕದ ಮನೆಯ ನಿಕೊಲಾಸಾ ಮುಸುಕಿನ ಜೋಳ ಬಿಡಿಸುತ್ತಿದ್ದಾಗ, ಎಲ್ವೀರಾ ಬಸುರಿಯಾಗುವ ಮೊದಲೇ ರಕ್ತ ಪರೀಕ್ಷೆ ಮಾಡಿಸಿ ಎಂದಳು ನಿಕೊಲಾಸಾ. ಅವಳ ಮಗಳಿಗೆ, ಈ ಹುಳದಿಂದ ಹರಡುವ ಚಾಗಸ್ ರೋಗ ತಾಯಿಯಿಂದ ದಾಟಿ ಹುಟ್ಟುವಾಗಲೇ ಇತ್ತು. ಬೇಗ ಗೊತ್ತಾಗಿ, ಔಷಧದಿಂದ ವಾಸಿಯಾಗಿತ್ತು.

ಬಾಸಿಲಿಯಾ ನಕ್ಕಳು. "ಹುಳ ಹೋಗಿ ಎಷ್ಟು ಕಾಲ ಆಯ್ತೇ. ಇವಳನ್ನ ನೋಡು, ಗುಂಡುಕಲ್ಲಿನ ಹಾಗಿದ್ದಾಳೆ."

"ಹುಳ ಹೋಗಿದ್ದು ಗೋಡೆಯಿಂದ ಅಕ್ಕ, ಮೈಯಿಂದಲ್ಲ."

ನಿಕೊಲಾಸಾ ಬಿಡಿಸಿ ಹೇಳಿದಳು. ಹುಳದ ಹಿಕ್ಕೆಯಲ್ಲಿರುವ ಸೂಕ್ಷ್ಮ ಪರಾವಲಂಬಿ ಜೀವಿ ಗಾಯದಿಂದ ಒಳಹೊಕ್ಕರೆ, ವರ್ಷಗಟ್ಟಲೆ ಸದ್ದಿಲ್ಲದೆ ಇದ್ದು ಹೃದಯವನ್ನು ಕೆಡಿಸಬಹುದು. ಅದರ ಜೊತೆ ಹೋರಾಡಲು ನಮ್ಮ ಮೈ ಪ್ರತಿಕಾಯಗಳನ್ನು ಮಾಡಿಕೊಳ್ಳುತ್ತದೆ. ಜೀವಿ ಕಣ್ಣಿಗೆ ಬೀಳದಿದ್ದರೂ, ರಕ್ತದಲ್ಲಿ ಆ ಪ್ರತಿಕಾಯ ಸಿಕ್ಕರೆ ಸೋಂಕು ಗೊತ್ತಾಗುತ್ತದೆ. ಎರಡು ಬೇರೆ ಬೇರೆ ಪರೀಕ್ಷೆ ಮಾಡಿ ಖಚಿತಪಡಿಸುತ್ತಾರೆ.

ಆಮೇಲೆ ಮೆಲ್ಲಗೆ ಕೇಳಿದಳು: "ಫ್ರೊಯ್ಲಾನಣ್ಣನೂ ಗುಂಡುಕಲ್ಲಿನ ಹಾಗೇ ಇದ್ರಲ್ವಾ?"

ಬಾಸಿಲಿಯಾಳ ಕೈ ನಿಂತಿತು. ಸಂಜೆ ಆಲೂಗಡ್ಡೆ ಮೂಟೆ ಹೊತ್ತಿದ್ದವನು ಮರುದಿನ ಬೆಳಿಗ್ಗೆ ನೇಗಿಲು ಹಿಡಿದಲ್ಲೇ ಕುಸಿದಿದ್ದ. ಹೃದಯ ನಿಂತಿತು ಎಂದರು. ಯಾಕೆ ನಿಂತಿತು ಎಂದು ಯಾರೂ ಹೇಳಿರಲಿಲ್ಲ.

ಆರೋಗ್ಯ ಕೇಂದ್ರದಲ್ಲಿ ಸೊಸೆಗಿಂತ ಮೊದಲು ಅವಳೇ ತೋಳು ಚಾಚಿದಳು. ಹುಡುಗಿ ಹೆದರುತ್ತಾಳೆ ಎಂದಳು. ಸೂಜಿ ಚುಚ್ಚುವಾಗ ಕಣ್ಣು ಮುಚ್ಚಿಕೊಂಡದ್ದು ಅವಳೇ.

ಅತ್ತೆಯ ರಕ್ತದಲ್ಲಿ ಏನೂ ಸಿಗಲಿಲ್ಲ. ಎಲ್ವೀರಾಳ ಎರಡೂ ಪರೀಕ್ಷೆಗಳಲ್ಲಿ ಪ್ರತಿಕಾಯ ಸಿಕ್ಕಿತು. ಬಸುರಿಯರಿಗೆ ಈ ರೋಗದ ಮಾತ್ರೆ ಕೊಡುವುದಿಲ್ಲ, ಈಗಲೇ ನುಂಗಿ ಮುಗಿಸಿದರೆ ಮುಂದೆ ಮಗುವಿಗೆ ದಾಟುವ ಭಯ ಬಹಳ ಕಡಿಮೆ ಎಂದರು ಡಾಕ್ಟರು.

ಮನೆಗೆ ಬಂದ ಎಲ್ವೀರಾ ಅರ್ಧ ನೇಯ್ದ ಪಟ್ಟಿಯನ್ನು ಮುಟ್ಟಿದಳು. "ಇನ್ನೂ ಕಾಯಬೇಕಲ್ಲ ಅತ್ತೆ."

"ಕಾಯೋಣ ಮಗಳೇ. ನಿಮ್ಮ ಮಾವನಿಗೂ ಈ ಪರೀಕ್ಷೆ ಮಾಡಿಸಿದ್ದಿದ್ರೆ, ಅವರೂ ಇಲ್ಲೇ ಕೂತು ನಮ್ಮ ಜೊತೆ ಕಾಯ್ತಿದ್ರೇನೋ."

ಅವಳು ಮುಂದಿನ ಸಾಲಿಗೆ ಕೆಂಪು ಎಳೆ ಹಾಕಿದಳು.

ಅಕ್ಕತಂಗಿಯರೇ, ಮಣ್ಣಿನ ಗೋಡೆಯ ಮನೆಯಲ್ಲಿ ಬೆಳೆದವರು ಮೈ ಚೆನ್ನಾಗಿದ್ದರೂ ಒಮ್ಮೆ ಈ ರಕ್ತ ಪರೀಕ್ಷೆ ಮಾಡಿಸಿ. ಮಗುವಿನ ಆಸೆಯಿದ್ದರೆ ಅದಕ್ಕೂ ಮೊದಲೇ ಮಾಡಿಸಿ. ಬರುವ ಕೂಸಿಗಾಗಿ ಪಟ್ಟಿ ನೇಯುವ ಕೈಯನ್ನು ಒಂದು ಸಲ ಸೂಜಿಗೂ ಚಾಚಿ.