ಟೋರುನ್ ಮಾಡಿದ ಮೆತ್ತನೆಯ ಅಟ್ಟೆ

ರೋರೋಸ್‌ನ ನಮ್ಮ ಕಾರ್ಖಾನೆಯಲ್ಲಿ ಹಿಮದ ಮೇಲೆ ಜಾರುವ ಸ್ಕೀ ಹಲಗೆಗಳಿಗೆ ಸಿಕ್ಕಿಸುವ ಬೂಟುಗಳ ಅಟ್ಟೆ ರೂಪಿಸುತ್ತಿದ್ದವಳು ಟೋರುನ್. ಅಂಟು ಹಚ್ಚುವ ಕೆಲಸ ನನ್ನದು. ಸ್ಕೀ ಮೇಲೆ ದೂರ ಹೋಗುವವರ ಬೂಟಿನ ಅಟ್ಟೆ ಬೆರಳುಗಳ ಬುಡದಲ್ಲಿ ಸಲೀಸಾಗಿ ಬಾಗಬೇಕು, ಆದರೆ ಪಕ್ಕಕ್ಕೆ ತಿರುಚಿಕೊಳ್ಳಬಾರದು. ಆ ಚಳಿಗಾಲ ಅವಳು ಒಳಗೆ ಮೆತ್ತನೆಯ ಪದರವಿಟ್ಟು ಹೊಸದೊಂದನ್ನು ಮಾಡಿದಳು. ಬೂಟನ್ನು ಸ್ಕೀಗೆ ಕಚ್ಚಿಸುವ ಲೋಹದ ಸರಳು ಆ ಪದರದ ತುದಿಯಲ್ಲೇ ಇತ್ತು.

ಮೊದಲ ಜೋಡಿಯನ್ನು ಹಾಕಿಕೊಂಡು ನೋಡಿದವನು ಅವಳ ತಮ್ಮ ಐಲಿಫ್.

"ಕಾಲಲ್ಲಿ ಏನೂ ಇಲ್ಲದ ಹಾಗಿದೆ ಕಣೇ. ನಾಳೆ ಇದರಲ್ಲೇ ಬೆಟ್ಟ ದಾಟ್ತೀನಿ."

"ಬೇಡ. ಕಡು ಚಳೀಲಿ ಇನ್ನೂ ಬಾಗಿಸಿ ನೋಡಿಲ್ಲ."

"ನೀನು ನೋಡಿ ಮುಗಿಸೋಷ್ಟರಲ್ಲಿ ಹಿಮ ಕರಗಿ ಹೂ ಬಿಟ್ಟಿರುತ್ತೆ."

ನಾನು ನಕ್ಕೆ. ಅವಳು ನಗಲಿಲ್ಲ.

ಮರುದಿನ ಬೆಳಿಗ್ಗೆ ಅವನೂ ಇಲ್ಲ, ಬೂಟೂ ಇಲ್ಲ. ಪಾದರಸ ಮೈನಸ್ ಮೂವತ್ತಕ್ಕೆ ಇಳಿದಿತ್ತು. ಟೋರುನ್ ಉಳಿದಿದ್ದ ಒಂದು ಅಟ್ಟೆಯನ್ನು ಅಷ್ಟೇ ಚಳಿಗೆ ಇಳಿಸಿದ ಪರೀಕ್ಷೆಯ ಫ್ರೀಜರಿನಲ್ಲಿಟ್ಟಳು. ನಾವು ಕಂದು ಚೀಸಿನ ಬ್ರೆಡ್ಡು ತಿಂದು ಮುಗಿಸಿದ ಮೇಲೆ ಅದನ್ನು ತೆಗೆದು ಬಾಗಿಸಿದಳು. ಒಣ ಕಡ್ಡಿ ಮುರಿದಂತೆ ಸದ್ದಾಯಿತು. ಪದರ ಗಾಜಿನಂತೆ ಒಡೆದು, ಸರಳು ಅವಳ ಅಂಗೈಗೆ ಬಿತ್ತು.

ಫೋನಿಗೆ ಐಲಿಫ್ ಸಿಗಲಿಲ್ಲ.

"ಸ್ನೋ ಸ್ಕೂಟರ್ ತೆಗಿ," ಎಂದಳು. ಹಿಮದ ಮೇಲೆ ಓಡುವ ಆ ಗಾಡಿಯಲ್ಲಿ ಅವಳನ್ನು ಹಿಂದೆ ಕೂರಿಸಿಕೊಂಡು ಹೊರಟೆ.

ಬರ್ಚ್ ಮರಗಳು ಮುಗಿಯುವವರೆಗೂ ಹಿಮದ ಮೇಲೆ ಅವನ ಸ್ಕೀಗಳ ಜೋಡಿ ಗೆರೆಗಳು ನೇರವಾಗಿ ಸಾಗಿದ್ದವು. ದಿಬ್ಬದಾಚೆ ಒಂದೇ ಗೆರೆ. ಅದರ ಬಲಕ್ಕೆ ಕಾಲು ಹೂತ ಮೊಣಕಾಲಾಳದ ಗುಂಡಿಗಳು.

"ಬಲಗಾಲಿನ ಅಟ್ಟೆ ಹೋಗಿದೆ," ಎಂದಳು.

ಸ್ವಲ್ಪ ಮುಂದೆ ಆ ಗೆರೆಯೂ ನಿಂತಿತು; ಎಡಗಾಲಿನ ಅಟ್ಟೆಯೂ ಮುರಿದಿರಬೇಕು. ಸ್ಕೀಗಳೆರಡೂ ಹಿಮದಲ್ಲಿ ನೆಟ್ಟಗೆ ನಿಂತಿದ್ದವು. ಅಲ್ಲಿಂದ ಬರೀ ಗುಂಡಿಗಳು. ಅವು ದಾರಿಹೋಕರು ತಂಗುವ ಬೆಟ್ಟದ ಗುಡಿಸಲಿನತ್ತ ಹೋಗದೆ, ಕುಡಿದವನ ಹೆಜ್ಜೆಗಳಂತೆ ಸರೋವರದ ಕಡೆಗೆ ತಿರುಗಿದ್ದವು. ಅಷ್ಟರಲ್ಲಿ ಗಾಳಿ ಎದ್ದು, ನಮ್ಮ ಕಣ್ಣೆದುರೇ ಒಂದೊಂದಾಗಿ ಅವುಗಳನ್ನು ಮುಚ್ಚತೊಡಗಿತು. ಟೋರುನ್ ಇಳಿದು, ಬಗ್ಗಿ, ಕೈಯಿಂದ ಸವರಿ ಸವರಿ ಗುಂಡಿಗಳನ್ನು ಹುಡುಕುತ್ತ ನಡೆದಳು.

ಬಂಡೆಯೊಂದರ ಮರೆಯಲ್ಲಿ ಅವನು ಕೂತಿದ್ದ. ಕೈಗವಸು ಬಿಚ್ಚಿ ಮಡಿಲಲ್ಲಿಟ್ಟುಕೊಂಡಿದ್ದ. ಕೋಟನ್ನೂ ಬಿಚ್ಚಿ ತೆರೆದಿದ್ದ.

"ಬಂದ್ಯಾ? ಇಲ್ಲಿ ಎಷ್ಟು ಬೆಚ್ಚಗಿದೆ ನೋಡು," ಎಂದ.

ಹೆಪ್ಪುಗಟ್ಟಿ ಸಾಯುವವರಿಗೆ ಕೊನೆಗೆ ಬೆಚ್ಚಗೆನಿಸುತ್ತದೆಂದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಟೋರುನ್ ಅವನ ಕೆನ್ನೆಗೆ ಬಾರಿಸಿ, ತನ್ನ ಕೋಟಿನೊಳಗೆ ಎಳೆದುಕೊಂಡಳು.

ಬದುಕಿದ. ಬಲಗಾಲಿನ ಬೆರಳುಗಳು ಉಳಿಯಲಿಲ್ಲ.

ಅದೇ ವಾರ ಅವಳು ಆ ಅಟ್ಟೆಯ ಅಚ್ಚನ್ನು ಗರಗಸದಿಂದ ಕೊಯ್ದಳು. ನಾನು ಹಿಡಿದುಕೊಂಡಿದ್ದೆ. ಕೆಲವು ವಾರಗಳ ಮೇಲೆ ಆಸ್ಪತ್ರೆಯಿಂದ ಬಂದ ಐಲಿಫ್ ಕೋಲೂರಿಕೊಂಡು ಕಾರ್ಖಾನೆಗೆ ಬಂದು, "ಹೊಸದು ಯಾವಾಗ ಕೊಡ್ತೀಯ?" ಎಂದು ಕೇಳಿದ.

ಟೋರುನ್ ಕೊಯ್ದ ಅಚ್ಚಿನ ತುಂಡೊಂದನ್ನು ಅವನ ಕೈಗಿಟ್ಟಳು. ಎದ್ದು ಹೊರಗೆ ಹೋದಳು.