ಎರಡು ಸೀಟಿನ ಗಾಳಿಗಾಡಿ

ಕೀರ್ತಿಯ ಸಾಹಸಗಳಲ್ಲಿ ಇದು ಏಳನೆಯದು. ಹಿಂದಿನವುಗಳಲ್ಲಿ ಅವಳು ಮಾತಾಡುವ ನಲ್ಲಿ ಮಾಡಿ ನೀರುಗಳ್ಳರನ್ನು ಹಿಡಿದಿದ್ದಾಳೆ, ಹೊಗೆ ಕುಡಿಯುವ ಗಿಡ ಬೆಳೆಸಿ ಹೆಬ್ಬಾಳದ ಫ್ಲೈಓವರ್ ಕೆಳಗೆ ನೆಟ್ಟು ಬಂದಿದ್ದಾಳೆ. ಇದರಲ್ಲಿ ಕಳ್ಳರೂ ಇಲ್ಲ, ಗೂಢಚಾರರೂ ಇಲ್ಲ. ಅವರೇ ಬೇಕೆನ್ನುವವರು ಹಳೆಯ ಪುಸ್ತಕ ಓದಿಕೊಳ್ಳಿ, ನನ್ನ ತಲೆ ತಿನ್ನಬೇಡಿ. ಈ ಸಲ ಹದಿಮೂರು ವರ್ಷದ ಆ ಹುಡುಗಿಗೆ ಬೇಕಾಗಿದ್ದು ಒಬ್ಬಳು ಗೆಳತಿ.

ಬಾಗಲಕೋಟೆಯಿಂದ ಹೆಬ್ಬಾಳದ ಆಚೆಯ ಅಟ್ಟೂರಿಗೆ ಬಂದು ವರ್ಷವಾಗಿತ್ತು. ಶಾಲೆಯಲ್ಲಿ ಅವಳ ಯಂತ್ರಗಳಿಗೆ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಊಟದ ಬೆಲ್ ಹೊಡೆದರೆ ಮಾತ್ರ ಡಬ್ಬಿ ಹಿಡಿದು ಗುಂಪು ಗುಂಪಾಗಿ ಕೂತುಬಿಡುತ್ತಿದ್ದರು. ಇವಳನ್ನು ಯಾರೂ ದೂಡಲಿಲ್ಲ, ಕರೆಯಲೂ ಇಲ್ಲ. ನನ್ನ ಕೇಳಿದರೆ ದೂಡಿದ್ದರೇ ವಾಸಿ, ಜಗಳವಾದರೂ ಆಡಬಹುದಿತ್ತು.

ಹಾಗಾಗಿ ಗಾಳಿಗಾಡಿ ಮಾಡಿದಳು. ಗುಜರಿ ಅಂಗಡಿಯ ಸೈಕಲ್ಲು, ನಾಲ್ಕು ಫ್ಯಾನು, ಸ್ಕೂಟರಿನ ಬ್ಯಾಟರಿ, ಜೊತೆಗೆ ಬಿಸಿಲು ಬಿದ್ದರೆ ತೂಕ ಕಳೆದುಕೊಳ್ಳುವ, ಇವಳೇ ಕಂಡುಹಿಡಿದ ಒಂದು ತಗಡು. ಸೀಟು ಎರಡು. ಒಬ್ಬರೇ ಕೂತರೆ ಗಾಡಿಯ ಮೂತಿ ನೆಲ ಕಚ್ಚುತ್ತದೆ. ಹಿಂದೆ ಅಕ್ಕಿ ಮೂಟೆ ಇಟ್ಟೂ ನೋಡಿದಳು. ತಿರುಗುವಾಗ ಮೂಟೆ ಬಾಗುವುದಿಲ್ಲವಲ್ಲ, ಗಾಡಿ ಮಗುಚಿತು. ಒಂದೇ ಸೀಟಿನದು ಮಾಡಬಾರದಿತ್ತೇ ಅಂತೀರಾ? ಅಷ್ಟು ಬುದ್ಧಿ ಅವಳಿಗೂ ಇತ್ತು. ಬೇಕಂತಲೇ ಎರಡು ಮಾಡಿದ್ದಳು. ಒಬ್ಬರಿಂದ ಏಳದ ಗಾಡಿ ಮಾಡಿದರೆ ಇನ್ನೊಬ್ಬರು ಬರಲೇಬೇಕು ಎಂಬುದು ಅವಳ ಲೆಕ್ಕಾಚಾರ.

"ಅವ್ವಾ, ನೀ ಹಿಂದ ಕುಂದರ್ತಿಯೇನ?"

"ನಾ ಒಲ್ಲೆವಾ," ಎಂದಳು ತಾಯಿ ಗಂಗಾದೇವಿ, "ನಿನ್ನ ಗೆಳತ್ಯಾರ್ನ ಕರಕೊಂಡ್ ಹೋಗು."

ಮರುದಿನ ಕ್ಲಾಸಿನಲ್ಲಿ ಎದೆ ಗಟ್ಟಿಮಾಡಿಕೊಂಡು ಮಾಲಾಳನ್ನು ಕೇಳಿದಳು. ಮಾಲಾ ಕೆರೆ ಪಕ್ಕದ ಹಸುಕೊಟ್ಟಿಗೆ ಮನೆಯವಳು, ಎಲ್ಲರೊಡನೆಯೂ ನಗುನಗುತ್ತಾ ಮಾತಾಡುವವಳು.

"ಭಾನುವಾರನಾ? ಪಕ್ಕಾ ಬರ್ತೀನಿ ಕಣೇ!"

ಆ ವಾರವಿಡೀ ಕೀರ್ತಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಪ್ಪನ ಹಳೇ ಸ್ವೆಟರ್ ಹೊಲಿದು ಹಿಂದಿನ ಸೀಟಿಗೆ ಮೆತ್ತೆ ಹಾಕಿದಳು. ಮಾಲಾಳಿಗೂ ಓಡಿಸಲು ಬರಲೆಂದು ಹ್ಯಾಂಡಲನ್ನು ಮಾಮೂಲಿ ಸೈಕಲ್ಲಿನಷ್ಟೇ ಸಲೀಸು ಮಾಡಿದಳು.

ಭಾನುವಾರ ಬೆಳಿಗ್ಗೆ ಮಾಲಾ ಹೇಳಿದ ಹಾಗೆಯೇ ಕೆರೆ ದಡಕ್ಕೆ ಬಂದಳು. ಜೊತೆಗೆ ಇನ್ನೊಬ್ಬಳಿದ್ದಳು.

"ಇವ್ಳು ಲೈಬಾ, ನಮ್ ಪಕ್ಕದ್ಮನೆ. ಇವಳನ್ನ ಬಿಟ್ಟು ನಾನೆಲ್ಲೂ ಹೋಗಲ್ಲ ಕಣೇ. ನಾವಿಬ್ರೂ ಒಂದ್ ರೌಂಡ್ ಹೋಗ್ಬಿಟ್ ಬರ್ಬೋದಾ?"

'ನಾನು?' ಎಂಬ ಮಾತು ಕೀರ್ತಿಯ ನಾಲಿಗೆ ತುದಿಗೆ ಬಂದಿತ್ತು. ಆಡಿದರೆ ಇಬ್ಬರೂ ಹೊರಟುಹೋದಾರೆಂದು ಹೆದರಿ ನುಂಗಿಕೊಂಡಳು. ಇಬ್ಬರಿಗೂ ಹೆಲ್ಮೆಟ್ ಹಾಕಿದಳು.

"ತಿರುಗೋವಾಗ ಇಬ್ರೂ ಒಟ್ಟಿಗೇ ಬಾಗ್ಬೇಕು, ಆಯ್ತಾ?"

ಗಾಡಿ ಎದ್ದಿತು. ಹತ್ತಿರದಲ್ಲೇ ವಿಮಾನನೆಲೆಯಿದ್ದ ಏರ್‌ಫೋರ್ಸಿನವರ ಕಣ್ಣಿಗೆ ಬೀಳದಿರಲೆಂದು ತೆಂಗಿನ ಮರದೆತ್ತರ ದಾಟದಂತೆ ಮಾಡಿದ್ದಳು. ಅಷ್ಟೆತ್ತರದಲ್ಲಿ ಅದು ಕೆರೆಯನ್ನು ಸುತ್ತಿ ಬಂತು, ಒಮ್ಮೆಯೂ ಅಲುಗಲಿಲ್ಲ. ಲೋಕದಲ್ಲಿ ಇಂಥ ಗಾಡಿ ಇನ್ನೊಂದಿಲ್ಲ. ಅದನ್ನು ಮಾಡಿದವಳು ದಡದಲ್ಲಿ ನಿಂತಿದ್ದಳು. ಮೇಲೆ ಇಬ್ಬರೂ ಏನೋ ಹೇಳಿಕೊಂಡು ನಗುತ್ತಿದ್ದರು. ನಗು ಮಾತ್ರ ಕೇಳಿಸಿತು, ಮಾತು ಕೇಳಿಸಲಿಲ್ಲ.

ಇಳಿದೊಡನೆ ಮಾಲಾ ಅವಳನ್ನು ತಬ್ಬಿಕೊಂಡಳು. "ನೀನ್ ಜೀನಿಯಸ್ ಕಣೇ! ಮುಂದಿನ್ ವಾರಾನೂ ನಾವಿಬ್ರೂ ಬರ್ತೀವಿ. ನೀನ್ ಇಲ್ಲೇ ಇರ್ತೀಯಲ್ಲ?"

"ಇರ್ತೀನಿ," ಎಂದಳು ಕೀರ್ತಿ.

ಅವರು ಹೋದ ಮೇಲೆ ಗಾಡಿಯನ್ನು ತಳ್ಳಿಕೊಂಡು ಮನೆಗೆ ಹೊರಟಳು. ಒಬ್ಬಳೇ ಇದ್ದಳಲ್ಲ, ಹಾರಿಸುವಂತಿರಲಿಲ್ಲ.